ಸಿಸೇರಿಯನ್ ಆಗೇತಿ, ನೀರು ಕುಡಿಬ್ಯಾಡ ಅಂತಾರ. ಬಾಣಂತನದಾಗ ಯಾವುದು ಪಾಲಸಬೇಕು, ಯಾವುದು ಬಿಡಬೇಕು?

ವರದಾ ತೀರದಾಕಿ:

ಎಲ್ಲಾರಿಗೂ ನಮಸ್ಕಾರ್ರಿ. ನಾನು ಹಾವೇರಿ ಹತ್ರ ತವರಮನ್ಯಾಗ ಅದೀನಿ. ಮೊದಲನೇ ಹೆರಿಗಿ, ಸಿಸೇರಿಯನ್ ಆತು, ಹೆಣ್ಣು ಕೂಸು, ಹುಟ್ಟಿದಾಗ 2.8 ಕೆಜಿ ಇತ್ತು. ದವಾಖಾನಿಯಿಂದ ಮನಿಗೆ ಬಂದು ವಾರದ ಮ್ಯಾಲಾತು. ಅವ್ವ, ಆಯಿ ಇಬ್ರೂ ಭಾಳ ಕಾಳಜಿಲೆ ನೋಡ್ಕೊಳ್ಳಾಕತ್ತಾರ, ಅದರಾಗ ಎರಡು ಮಾತಿಲ್ಲ. ಆದ್ರ ಊಟದ ವಿಷಯ ಹೆಂಗ ಅಂದ್ರ ಮುಂಜಾನೆ ಅಳ್ವಿ ಪಾಯಸ, ಮಧ್ಯಾಹ್ನ ಮೆತ್ತಗಿನ ಅನ್ನ, ಮೆಣಸಿನ ಸಾರು, ತುಪ್ಪ, ರಾತ್ರಿ ಮತ್ತ ಅದ. ಕಾಯಿಪಲ್ಲೆ ಬ್ಯಾಡ ವಾಯು ಆಗತೈತಿ, ಬ್ಯಾಳಿ ಬ್ಯಾಡ ಕೂಸಿನ ಹೊಟ್ಟಿ ಉಬ್ಬರಸತೈತಿ, ಹಣ್ಣು ಬ್ಯಾಡ ನೆಗಡಿ ಆಗತೈತಿ, ಮೊಸರಂತೂ ಹೆಸರು ತಗೊಳ್ಳಂಗಿಲ್ಲ. ನೀರು ಊಟದ ಹೊತ್ತಿಗೆ ಒಂದು ಸಣ್ಣ ಲೋಟಾ, ಅಷ್ಟ. ಜಾಸ್ತಿ ಕುಡದ್ರ ಹೊಲಿಗಿ ಕೀವ ಆಗತಾವ, ಹೊಟ್ಟಿ ಹಂಗ ಉಳಿತೈತಿ ಅಂತ. ರಾತ್ರಿ ಕೂಸಿಗೆ ಹಾಲು ಕುಡಸೂಮುಂದ ಗಂಟಲ ಒಣಗಿ ಅಂಟಿಕೊಂಡಂಗ ಆಗತೈತಿ. ಎರಡಕ್ಕ ಹೋಗಾಕ ಭಾಳ ತ್ರಾಸ, ಮುಕ್ಕಿದ್ರ ಹೊಲಿಗಿ ಬಿಚ್ಚತಾವೇನೋ ಅಂತ ಹೆದರಿಕಿ.

ಮುಂಜಾನೆ ಸಂಜಿ ಹೊರಸಿನ ಬುಡಕ ಅಗ್ಗಿಷ್ಟಿಗಿ ಇಡತಾರ, ಕಿಟಕಿ ಬಾಗಲಾ ಎಲ್ಲಾ ಹಾಕಿ. ಕೂಸಿಗೂ ಎರದ ಮ್ಯಾಲೆ ಲೋಬಾನದ ಹೊಗಿ. ನನ್ನ ಹೊಟ್ಟಿಗೆ ಹಳೇ ಸೀರಿ ಬಿಗದು ಸುತ್ತತಾರ. ಕೂಸು ತಾಸಿಗೊಮ್ಮೆ ಎದ್ದು ಅಳತೈತಿ, ನಿನ್ನ ಹಾಲು ಸಾಲವಲ್ದು, ಆಕಳ ಹಾಲಿಗೆ ನೀರು ಬೆರಸಿ ಹಾಕೂಣು ಅಂತಾಳ ಆಯಿ. ನಂಗ ಜಗಳ ಬ್ಯಾಡ್ರಿ, ಇಬ್ರೂ ನನ್ನ ಸಲುವಾಗಿ ನಿದ್ದಿ ಬಿಟ್ಟಾರ. ಗೊತ್ತಿದ್ದವ್ರು ಯಾವುದು ಖರೇನ ಬೇಕು ಯಾವುದು ಬ್ಯಾಡ ಅಂತ ಹೇಳ್ರಿ.

ತುಮಕೂರು ಸ್ಟಾಫ್ ನರ್ಸ್:

ಮೊದಲು ನೀರಿನ ವಿಷ್ಯ ಮಾತಾಡ್ಬಿಡೋಣ ಕಣಮ್ಮ, ಮಿಕ್ಕಿದ್ದೆಲ್ಲ ಆಮೇಲೆ. ಬಾಯಾರಿಕೆ ಆದಾಗೆಲ್ಲ ಕುಡಿ, ಪ್ರತಿ ಸಲ ಹಾಲು ಕುಡಿಸೋಕೆ ಕೂತಾಗ ಪಕ್ಕದಲ್ಲಿ ಒಂದು ದೊಡ್ಡ ಲೋಟ ಇರ್ಲಿ. ಹೆರಿಗೇಲಿ ರಕ್ತ ತುಂಬ ಹೋಗ್ಬಾರ್ದು ಅಂತ ದೇಹನೇ ಆ ಸಮಯದಲ್ಲಿ ರಕ್ತ ಬೇಗ ಹೆಪ್ಪುಗಟ್ಟೋ ಹಾಗೆ ಮಾಡ್ಕೊಂಡಿರುತ್ತೆ, ಆ ಗುಣ ಹೆರಿಗೆ ಆದ್ಮೇಲೂ ಆರು ವಾರ ಇರುತ್ತೆ. ಅದರ ಮೇಲೆ ನೀರೂ ಕುಡೀದೆ, ಹಾಸಿಗೆ ಬಿಟ್ಟೂ ಏಳ್ದೆ ಇದ್ರೆ ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಬಹುದು, ಕೆಲವರಿಗೆ ಮೆದುಳಿನ ರಕ್ತನಾಳದಲ್ಲೇ ಕಟ್ಟುತ್ತೆ. ನಮ್ಮ ದೇಶದಲ್ಲಿ ಬಾಣಂತಿಯರಲ್ಲಿ ಈ ಕಾಯಿಲೆ ಜಾಸ್ತಿ ಕಾಣ್ತಿದ್ದಿದ್ದಕ್ಕೆ ನೀರು ಕಟ್ಟು ಮಾಡೋ ಪದ್ಧತಿನೂ ಒಂದು ಕಾರಣ ಅಂತ ನರರೋಗದ ಡಾಕ್ಟರ್‌ಗಳು ಹೇಳ್ತಾನೇ ಬಂದಿದಾರೆ. ಜೋರು ತಲೆನೋವು, ವಾಂತಿ, ಫಿಟ್ಸು, ಒಂದು ಕಡೆ ಕೈಕಾಲು ಸ್ವಾಧೀನ ತಪ್ಪೋದು, ಹೀಗೆ ಬರುತ್ತೆ. ಇಪ್ಪತ್ತೈದು ವರ್ಷದ ಹುಡುಗಿ ಆ ಸ್ಥಿತೀಲಿ ಬಂದಾಗ ನೋಡೋಕೆ ಆಗಲ್ಲಮ್ಮ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಹೊಲಿಗೆ ಕೀವಾಗೋದು ಸೋಂಕಿನಿಂದ, ನೀರಿಂದ ಅಲ್ಲ. ಸ್ನಾನ ಆದ್ಮೇಲೆ ಹೊಲಿಗೆ ಜಾಗ ಒಗೆದ ಬಟ್ಟೇಲಿ ಒತ್ತಿ ಒರೆಸಿ ಒಣಗಿಸಿ, ಹೊಟ್ಟೆ ಮಡಿಕೆ ಅದರ ಮೇಲೆ ಬಿದ್ದು ಬೆವರು ನಿಲ್ಲಬಾರ್ದು, ಅರಿಶಿಣ ಎಣ್ಣೆ ಏನೂ ಹಚ್ಚಬೇಡಿ. ಹೊಟ್ಟೆ ಇಳಿಯೋದಕ್ಕೂ ನೀರಿಗೂ ಸಂಬಂಧ ಇಲ್ಲ, ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರೋಕೆ ಸುಮಾರು ಆರು ವಾರ ಬೇಕು. ಸೀರೆ ಸುತ್ತೋದು ಹಿತ ಅನ್ಸಿದ್ರೆ ಸುತ್ತಿಸ್ಕೋ, ಎದ್ದು ಓಡಾಡುವಾಗ ಹೊಲಿಗೆಗೆ ಆಧಾರ ಸಿಗುತ್ತೆ, ಆದ್ರೆ ಉಸಿರು ಎಳ್ಕೊಳ್ಳೋಕೆ ಕಷ್ಟ ಆಗೋಷ್ಟು ಬಿಗಿ ಬೇಡ, ಮಲಗುವಾಗ ಬಿಚ್ಚಿಬಿಡು. ಕೆಮ್ಮು, ಸೀನು ಬಂದಾಗ ಒಂದು ದಿಂಬನ್ನ ಹೊಲಿಗೆ ಮೇಲೆ ಒತ್ತಿ ಹಿಡ್ಕೋ. ಏಳುವಾಗ ನೇರ ಏಳಬೇಡ, ಪಕ್ಕಕ್ಕೆ ಹೊರಳಿ ಕೈ ಊರಿ ಏಳು.

ಅಗ್ಗಿಷ್ಟಿಕೆ ಮಾತ್ರ ಬಾಗಿಲು ಹಾಕಿದ ರೂಮಲ್ಲಿ ಖಂಡಿತ ಬೇಡ. ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆನೂ ಇಲ್ಲ, ಕಣ್ಣಿಗೂ ಕಾಣಲ್ಲ, ತಾಯಿ ಮಗು ಮಲಗಿದ ಹಾಗೇ ಪ್ರಜ್ಞೆ ತಪ್ಪಬಹುದು. ಕಾವು ಬೇಕು ಅನ್ಸಿದ್ರೆ ಬೆನ್ನಿಗೆ, ಸೊಂಟಕ್ಕೆ ಬಿಸಿನೀರಿನ ಬ್ಯಾಗ್ ಇಟ್ಕೋ. ಹೊಲಿಗೆ ಮೇಲೆ ಇಡಬೇಡ, ಅಲ್ಲಿ ಚರ್ಮ ಇನ್ನೂ ಜೋಮು ಹಿಡಿದಿರುತ್ತೆ, ಸುಟ್ಟರೂ ಗೊತ್ತಾಗಲ್ಲ.

ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡೂ ಹೆರಿಗೆ ಆದ್ಮೇಲೆ 180 ದಿನ ತಗೋಬೇಕು, ಎರಡನ್ನೂ ಒಟ್ಟಿಗೆ ನುಂಗಬಾರ್ದು. ಕಬ್ಬಿಣದ ಮಾತ್ರೆಯಿಂದ್ಲೂ ಮಲ ಗಟ್ಟಿ ಆಗುತ್ತೆ, ಅದರ ಜೊತೆ ನೀರೂ ಇಲ್ಲ, ಸೊಪ್ಪೂ ಇಲ್ಲ ಅಂದ್ರೆ ಇನ್ನೇನಾಗುತ್ತೆ ಹೇಳು. ಮುಕ್ಕಿದ್ರೆ ಹೊಲಿಗೆ ಬಿಚ್ಚಿಹೋಗಲ್ಲ, ಹೆದರಬೇಡ. ಆದ್ರೂ ಡಾಕ್ಟರ್ ಹತ್ರ ಕೇಳಿದ್ರೆ ಹಾಲುಣಿಸೋರಿಗೆ ತೊಂದ್ರೆ ಇಲ್ಲದ ಸಿರಪ್ ಬರ್ಕೊಡ್ತಾರೆ.

ಇನ್ನು ಯಾರ್ನೂ ಕೇಳ್ದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣ: ಒಂದು ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯೋದು, ದೊಡ್ಡ ಗಡ್ಡೆ ಹೋಗೋದು, 100.4 ಡಿಗ್ರಿ ದಾಟಿದ ಜ್ವರ, ಕೆಟ್ಟ ವಾಸನೆ ಸ್ರಾವ, ಹೊಲಿಗೆ ಕೆಂಪಾಗಿ ಊದಿ ನೀರು ಬರೋದು, ಒಂದೇ ಮೀನಖಂಡ ಊದಿ ನೋಯೋದು, ಉಸಿರಾಟದ ಕಷ್ಟ, ಎದೆನೋವು, ಬಿಡದ ತಲೆನೋವು ಅಥವಾ ಕಣ್ಣು ಮಂಜು. ಬಸುರಲ್ಲಿ ಬಿಪಿ ಸರಿ ಇದ್ದೋರಿಗೂ ಹೆರಿಗೆ ಆದ್ಮೇಲೆ ಏರಬಹುದು, ಆರು ವಾರದವರೆಗೂ. 108ಕ್ಕೆ ಫೋನ್ ಮಾಡಿ, ಕಾಯಬೇಡಿ.

ಸಾಗರದ ಅತ್ತೆ:

ನರ್ಸಮ್ಮ ಹೇಳಿದ್ದಕ್ಕೆ ಒಂದಕ್ಷರ ಎದುರಿಲ್ಲ ನಂದು. ಆದ್ರೆ ಮಗಳೇ, ಇದನ್ನ ಓದಿ ಬಾಣಂತನನೇ ಬೇಡ ಅಂದ್ಕೋಬೇಡ ಆಯ್ತಾ. ಮಗಳು, ಸೊಸೆ, ತಂಗಿ ಮಗಳು ಎಲ್ಲರ ಬಾಣಂತನ ಮಾಡಿದ ಕೈ ಇದು. ಬಾಣಂತಿಗೆ ನಲವತ್ತು ದಿನ ಕಸ ಗುಡಿಸೋದು ಬೇಡ, ಕೊಡಪಾನ ಎತ್ತೋದು ಬೇಡ, ಮೈಗೆ ಎಣ್ಣೆ ಹಚ್ಚಿ ಹಂಡೆ ನೀರಲ್ಲಿ ಮೀಯಿಸಿ ಮಲಗಿಸೋದು, ರಾತ್ರಿ ಮಗು ಎತ್ತಿಕೊಂಡು ಓಡಾಡೋಕೆ ಒಂದು ಹಿರಿಜೀವ ಪಕ್ಕದಲ್ಲಿ ಇರೋದು, ಇದಕ್ಕೆಲ್ಲ ಬೆಲೆ ಕಟ್ಟೋಕೆ ಆಗೋದಿಲ್ಲ. ಸಿಟಿಯಲ್ಲಿ ಒಬ್ಬೊಬ್ಬರೇ ಇರೋ ಹುಡುಗೀರ ಪಾಡು ನೋಡಿದೀನಿ ನಾನು. ಬೆಚ್ಚಗೆ ಇರೋದು, ವಿಶ್ರಾಂತಿ, ಜನ, ಇಷ್ಟನ್ನ ಉಳಿಸ್ಕೋ. ಹಸಿವು, ಬಾಯಾರಿಕೆ ಮಾತ್ರ ಬಿಟ್ಹಾಕು. ಬಾಣಂತಿ ಹಸಿದ್ರೆ ಮಗುವಿಗೆ ಹಾಲು ಎಲ್ಲಿಂದ ಬರತ್ತೆ?

ಹಿರಿಯರಿಗೆ ಹೆದರಿಕೆ ಇರೋದು ತಣ್ಣೀರಿನ ಮೇಲೆ, ಕುಡಿಯೋದರ ಮೇಲಲ್ಲ. ನೀನು ನೀರು ಕೊಡಿ ನೀರು ಕೊಡಿ ಅಂತ ವಾದ ಮಾಡಬೇಡ. ಅವ್ವಾ, ಜೀರಿಗೆ ಹಾಕಿ ಕುದಿಸಿದ ನೀರು ಮಾಡಿಕೊಡು, ಹಾಲು ಜಾಸ್ತಿ ಬರುತ್ತಂತೆ ಅನ್ನು. ಓಮದ ನೀರು, ಕೊತ್ತಂಬರಿ ಜೀರಿಗೆ ಕಷಾಯ, ಮೆಂತೆ ಗಂಜಿ, ಬಿಸಿ ಹಾಲು, ತೆಳ್ಳಗಿನ ಸಾರು, ಎಲ್ಲದರಲ್ಲೂ ಇರೋದು ನೀರೇ ಅಲ್ವಾ. ದೊಡ್ಡ ಥರ್ಮಾಸ್ ಒಂದು ತುಂಬಿಸಿ ಮಂಚದ ಪಕ್ಕ ಇಟ್ಕೋ, ರಾತ್ರಿ ಯಾರ್ನೂ ಎಬ್ಬಿಸೋದೂ ಬೇಡ.

ತರಕಾರಿನೂ ಹಾಗೇ. ಒಂದೇ ಸಲ ಎಲ್ಲಾ ಬೇಕು ಅನ್ನಬೇಡ. ಸಬ್ಬಸಿಗೆ ಸೊಪ್ಪು ಬಾಣಂತಿಗೆ ಒಳ್ಳೇದು ಅಂತ ಎಲ್ಲಾ ಕಡೆನೂ ಒಪ್ತಾರೆ, ಅಲ್ಲಿಂದ ಶುರು ಮಾಡಿಸು. ಬೆಳ್ಳುಳ್ಳಿ ತುಪ್ಪದಲ್ಲಿ ಕೆಂಪಗೆ ಹುರಿದು ಸಬ್ಬಸಿಗೆ ಬಾಡಿಸಿ ಅನ್ನಕ್ಕೆ ಕಲಸಿದ್ರೆ ಬೇಡ ಅನ್ನೋರು ಯಾರು. ಆಮೇಲೆ ನುಗ್ಗೆ ಸೊಪ್ಪು, ಹೀರೇಕಾಯಿ, ಪಡವಲಕಾಯಿ, ಹೆಸರುಬೇಳೆ ತೊವ್ವೆಗೆ ಇಂಗು ಶುಂಠಿ ಹಾಕಿ. ಅಮ್ಮ ಬೇಳೆ ತಿಂದಿದ್ದಕ್ಕೆ ಮಗುವಿನ ಹೊಟ್ಟೆಯಲ್ಲಿ ವಾಯು ಆಗೋದಿಲ್ಲ, ಆ ವಾಯು ಅಮ್ಮನ ಹೊಟ್ಟೆಯಲ್ಲೇ ಉಳಿಯತ್ತೆ. ಮೊಟ್ಟೆ ತಿನ್ನೋರಾದ್ರೆ ದಿನಾ ಬೇಯಿಸಿದ ಮೊಟ್ಟೆ ತಿನ್ನು. ಅಂಗನವಾಡಿಯಲ್ಲಿ ಮಾತೃಪೂರ್ಣ ಊಟ ಅಂತ 2017ರಿಂದ ಕೊಡ್ತಿದಾರಲ್ಲ, ಬಸುರಿಗೆ ಬಾಣಂತಿಗೆ ಅನ್ನ ಸಾಂಬಾರಿನ ಜೊತೆ ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ, ಅದನ್ನೇ ಅವ್ವನಿಗೆ ಹೇಳು, ಸರಕಾರದೋರೇ ಬಾಣಂತಿಗೆ ತಿನ್ನಿ ಅಂತಿದಾರೆ ಅಂತ.

ಮಗುವಿಗೆ ಎರೆಯೋದು ಗಟ್ಟಿ ಕೈಯೋರಿಗೇ ಬಿಡು, ಆದ್ರೆ ಪಕ್ಕದಲ್ಲಿ ಕೂತು ನೋಡು. ಮಣೆ ಮೇಲೆ ಕೂತು ಕಾಲು ಚಾಚಿ, ಮಗುವನ್ನ ಮೊಣಕಾಲಿನ ಮೇಲೆ ಹಾಕ್ಕೊಂಡು, ಬೋರಲು ಮಾಡುವಾಗ ಒಂದು ಅಂಗೈ ಎದೆ ಕೆಳಗೆ, ಗಲ್ಲ ಬೆರಳಿನ ಮೇಲೆ ಬರಬೇಕು, ಮೂಗು ಬಾಯಿ ಪೂರ್ತಿ ತೆರೆದಿರಬೇಕು. ನೀರು ಮೊಣಕೈ ಅದ್ದಿ ನೋಡಬೇಕು, ಅಂಗೈಗೆ ಬಿಸಿ ಗೊತ್ತಾಗೋದಿಲ್ಲ, ಕೆಲಸ ಮಾಡಿ ಒರಟಾಗಿರತ್ತೆ. ಚೊಂಬಿಂದ ಮುಖಕ್ಕೆ ರಪ್ ಅಂತ ಸುರಿಯೋದು ಬೇಡ. ಮೂಗಿಗೆ, ಕಿವಿಗೆ ಎಣ್ಣೆ ಬಿಡೋದು, ಗಂಟಲಿಗೆ ಬೆರಳು ಹಾಕಿ ಕಫ ತೆಗೆಯೋದು ಇವೆಲ್ಲ ಬೇಡವೇ ಬೇಡ.

ದಾವಣಗೆರೆ ಅಪ್ಪ:

ಅಕ್ಕ, ಹಾಲು ಸಾಲ್ತಿಲ್ಲ ಅನ್ನೋ ಮಾತು ನಮ್ಮನೇಲೂ ಬಂದಿತ್ತು. ಆಗ ಮಕ್ಕಳ ಡಾಕ್ಟ್ರು ಹೇಳಿದ್ದು ಒಂದೇ, ಅಳು ಎಣಿಸಬೇಡಿ, ಉಚ್ಚೆ ಎಣಿಸಿ ಅಂತ. ದಿನಕ್ಕೆ ಆರಕ್ಕಿಂತ ಜಾಸ್ತಿ ಸಲ ಲಂಗೋಟಿ ಒದ್ದೆ ಮಾಡಿದ್ರೆ ಹಾಲು ಹೊಟ್ಟೆಗೆ ಹೋಗ್ತಿದೆ ಅಂತ ಅರ್ಥ. ಡೈಪರ್ ಹಾಕಿದ್ರೆ ಲೆಕ್ಕ ಸಿಗಲ್ಲ, ಹಗಲಾದ್ರೂ ಬಟ್ಟೆ ಕಟ್ಟಿ. ನಿಮ್ಮ ಯಜಮಾನ್ರು ವಾರಕ್ಕೊಮ್ಮೆ ಬಂದು ಮಗು ನೋಡ್ಕೊಂಡು ಹೋಗೋ ಥರ ಇದ್ರೆ ರಜೆ ಹಾಕಿ ಬಂದು ಇರೋಕೆ ಹೇಳಿ, ತವರುಮನೆ ಅಂತ ಸಂಕೋಚ ಬೇಡ. ಹಾಲು ಕುಡಿಸೋದೊಂದು ಬಿಟ್ಟು ತೇಗು ತೆಗೆಸೋದು, ಲಂಗೋಟಿ ಬದಲಾಯಿಸೋದು, ಒಗೆಯೋದು, ಎದೆ ಮೇಲೆ ಮಲಗಿಸ್ಕೊಂಡು ತಟ್ಟೋದು ಎಲ್ಲಾ ಗಂಡಸರೂ ಮಾಡಬಹುದು. ಹಿಂಗೆ ಮಾಡಿದ್ರೆ ನಿಮ್ಮವ್ವಂಗೂ ಒಂದು ನಿದ್ದೆ ಸಿಗುತ್ತೆ.

ವರದಾ ತೀರದಾಕಿ:

ಭಾಳ ಉಪಕಾರ ಆತ್ರಿ ಎಲ್ಲಾರಿಂದನೂ. ಜೀರಿಗಿ ನೀರಿಗೆ ಅವ್ವ ಒಪ್ಪ್ಯಾಳ. ಇನ್ನ ಎರಡು ಕೇಳೂದು ಐತಿ. ಕೂಸಿನ ಎದಿ ಎರಡೂ ಕಡೆ ಸಣ್ಣ ಗಂಟು ಬಂದಂಗ ಉಬ್ಬ್ಯಾವ, ಆಯಿ ಎಣ್ಣಿ ಹಚ್ಚಿ ಹಿಂಡತಾಳ, ಹಾಲು ತಗೀಬೇಕು ಅಂತ, ಕೂಸು ಚೀರತೈತಿ, ನಂಗ ನೋಡಾಕ ಆಗವಲ್ದು. ಆಮ್ಯಾಲೆ ಕಣ್ಣು ಇನ್ನೂ ಸ್ವಲ್ಪ ಹಳದಿ ಅದಾವ. ಬಿಸಲಿಗೆ ಹಿಡದ್ರ ಹೋಗತೈತಿ ಅಂತಾರ. ಬಜಿ ತೇದು ನೆಕ್ಕಸೂದು, ಜೇನತುಪ್ಪ ಹಚ್ಚೂದೂ ನಡದೈತಿ.

ಮಕ್ಕಳ ವೈದ್ಯ, ಹುಬ್ಬಳ್ಳಿ:

ಹಿಂಡೋದನ್ನ ಇವತ್ತೇ ನಿಲ್ಲಿಸ್ರಿ. ತಾಯಿಯ ಹಾರ್ಮೋನು ಬಸುರಿನಲ್ಲೇ ಮಗುವಿಗೆ ಹೋಗಿರ್ತದ, ಅದಕ್ಕ ಹೆಣ್ಣಿರ್ಲಿ ಗಂಡಿರ್ಲಿ ಹುಟ್ಟಿದ ಕೂಸಿನ ಎದೆ ಉಬ್ಬತದ, ಹನಿ ಹಾಲೂ ಬರಬಹುದು. ಮುಟ್ಟದೆ ಬಿಟ್ರ ಕೆಲವು ವಾರದಾಗ ತಾನೇ ಇಳಿತದ. ಹಿಂಡಿದ್ರ ಅಲ್ಲಿ ಸೋಂಕಾಗಿ ಕೀವು ತುಂಬತದ, ಅದನ್ನ ಕೊಯ್ದು ತೆಗೆಯೋ ಪರಿಸ್ಥಿತಿ ಬರ್ತದ, ಹೆಣ್ಣು ಮಗು ಆದ್ರ ಮುಂದೆ ಆ ಸ್ತನ ಬೆಳೆಯೋದಕ್ಕೂ ಪೆಟ್ಟು. ಇದನ್ನ ಅಜ್ಜಿಯವರಿಗೆ ನೇರವಾಗಿ ಹೇಳ್ರಿ, ಇದರಾಗ ಹೊಂದಾಣಿಕೆ ಬೇಡ. ಮೊದಲ ವಾರದಾಗ ಹೆಣ್ಣು ಕೂಸಿನ ಲಂಗೋಟಿಗೆ ರಕ್ತದ ಕಲೆ ಒಂದೆರಡು ಕಂಡ್ರೂ ಅದೇ ಹಾರ್ಮೋನಿನ ಕಾರಣ, ಗಾಬರಿ ಆಗಬಾರದು.

ಹಳದಿ ಸಾಮಾನ್ಯವಾಗಿ ಎರಡನೇ ಮೂರನೇ ದಿನ ಶುರುವಾಗಿ, ತಿಂಗಳು ತುಂಬಿ ಹುಟ್ಟಿದ ಕೂಸಿಗೆ ಎರಡು ವಾರದೊಳಗ ಇಳೀಬೇಕು. ಕಣ್ಣಿಗೆ ಮಾತ್ರ ಇದ್ದು ಕೂಸು ಚೆನ್ನಾಗಿ ಹಾಲು ಕುಡೀತಿದ್ರ ಬಹಳ ಸಲ ತೊಂದರೆ ಇರೋದಿಲ್ಲ, ಆದ್ರ ನೋಡಿ ಅಂದಾಜು ಮಾಡೋದು ನಂಬಿಕೆಗೆ ಅರ್ಹ ಅಲ್ಲ, ಒಮ್ಮೆ ತೋರಿಸ್ರಿ. ಎರಡು ವಾರ ದಾಟಿದ್ರ ರಕ್ತ ಪರೀಕ್ಷೆ ಬೇಕೇ ಬೇಕು. ಅಂಗೈ ಅಂಗಾಲು ಹಳದಿ, ಹಾಲು ಕುಡಿಯೋಕ ಏಳದಷ್ಟು ಮಂಪರು, ಮಲ ಸುಣ್ಣದಂಗ ಬಿಳಿ, ಉಚ್ಚೆ ಗಾಢ ಹಳದಿಯಾಗಿ ಬಟ್ಟೆಗೆ ಕಲೆ, ಇದರಾಗ ಒಂದು ಕಂಡ್ರೂ ಅವತ್ತೇ ಕರ್ಕೊಂಡು ಹೋಗ್ರಿ. ಬಿಳಿ ಮಲ ಅಂದ್ರ ಪಿತ್ತನಾಳದ ತೊಂದರೆ ಇರಬಹುದು, ಅದಕ್ಕ ಶಸ್ತ್ರಚಿಕಿತ್ಸೆ ಬೇಗ ಆದಷ್ಟೂ ಯಕೃತ್ತು ಉಳಿತದ. ಬಿಸಿಲು ದವಾಖಾನೆಯ ನೀಲಿ ಲೈಟಿಗೆ ಬದಲಿ ಅಲ್ಲ.

ಜೇನುತುಪ್ಪ ಒಂದು ವರ್ಷದ ತನಕ ಬೇಡ, ಅದರಾಗಿನ ಬೀಜಾಣುಗಳಿಂದ ಬಾಟ್ಯುಲಿಸಂ, ಅಂದ್ರ ಕೂಸಿನ ನರ ಸ್ನಾಯು ಸೋಲಿಸೋ ಕಾಯಿಲೆ ಆಗಬಹುದು. ಬಜೆ, ಗುಟ್ಟಿ, ಗ್ರೈಪ್ ವಾಟರ್, ಆಕಳ ಹಾಲು, ಬರೀ ನೀರು, ಇವೆಲ್ಲ ಆರು ತಿಂಗಳು ಬೇಡ, ತಾಯಿ ಹಾಲೊಂದೇ ಸಾಕು. ಅದರ ಜೊತೆ ವಿಟಮಿನ್ ಡಿ ಡ್ರಾಪ್ಸ್, ದಿನಕ್ಕ 400 ಐಯು. ಹೊಕ್ಕುಳಿಗೆ ಏನೂ ಹಚ್ಚಬಾರದು. ಕಣ್ಣಿಗೆ ಕಾಡಿಗೆ ಬೇಡ, ಅದರಾಗ ಸೀಸ ಇರಬಹುದು. ಲೋಬಾನದ ಹೊಗೆ ಎಳೇ ಶ್ವಾಸಕೋಶಕ್ಕ ಒಳ್ಳೇದಲ್ಲ, ಮೆತ್ತನೆ ಟವೆಲ್ಲಿನಿಂದ ತಲೆ ಒರೆಸಿದ್ರ ಆಯ್ತು. ಮಾಲೀಶು ತೆಂಗಿನೆಣ್ಣೆಯಿಂದ ಹಗುರವಾಗಿ ಮಾಡ್ರಿ, ಅದು ಒಳ್ಳೇದೇ.

ತಾಸಿಗೊಮ್ಮೆ ಏಳೋದು ಹಾಲು ಸಾಲದ್ದಕ್ಕ ಅಂತ ತಿಳ್ಕೋಬೇಡ್ರಿ. ದಿನಕ್ಕ 8ರಿಂದ 12 ಸಲ ಕುಡಿಯೋದು ಸಹಜ, ಸಂಜೆ ಹೊತ್ತು ಬೆನ್ನುಬೆನ್ನಿಗೆ ಕೇಳ್ತಾವ. ಹುಟ್ಟಿದ ತೂಕದಾಗ ಶೇಕಡಾ 10ರ ತನಕ ಮೊದಲು ಇಳಿದು ಎರಡು ವಾರದ ಹೊತ್ತಿಗೆ ವಾಪಸ್ ಬರ್ತದ, ಅಂದ್ರ ನಿಮ್ಮ ಕೂಸು ಈಗ ಸುಮಾರು 2.8 ಕೆಜಿಗೆ ಮರಳಿರಬೇಕು. ಅಂಗನವಾಡಿಯಾಗ ತೂಗಿಸ್ರಿ. ಕುಡಿಸುವಾಗ ತೊಟ್ಟು ಮಾತ್ರ ಅಲ್ಲ, ಸುತ್ತಲಿನ ಕಪ್ಪು ಭಾಗನೂ ಬಾಯೊಳಗ ಹೋಗಬೇಕು, ಗಲ್ಲ ಎದೆಗೆ ತಾಗಿರಬೇಕು.

ಇನ್ನೊಂದು, ಮೇಲೆ ಯಾರೂ ಹೇಳಿಲ್ಲ. ಪಾಲಿಶ್ ಅಕ್ಕಿ ಅನ್ನ, ಸಾರು ಅಷ್ಟೇ ಉಣ್ಣೋ ಬಾಣಂತಿಯ ಹಾಲಿನಾಗ ಥಯಾಮಿನ್, ಅಂದ್ರ ಬಿ1 ವಿಟಮಿನ್ ಕಡಿಮೆ ಆಗ್ತದ. ಬರೀ ತಾಯಿ ಹಾಲು ಕುಡಿಯೋ ಕೂಸುಗಳು ಎರಡು ಮೂರು ತಿಂಗಳಿಗೆ ಒಮ್ಮಿಂದೊಮ್ಮೆಲೆ ಉಸಿರಾಟದ ತೊಂದರೆಯಿಂದ, ಶ್ವಾಸಕೋಶದ ರಕ್ತನಾಳದ ಒತ್ತಡ ವಿಪರೀತ ಏರಿ ಬರ್ತಿದ್ವು, ಥಯಾಮಿನ್ ಇಂಜೆಕ್ಷನ್ ಕೊಟ್ಟ ಕೂಡಲೇ ಚೇತರಿಸಿಕೊಂಡ್ವು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇದರ ಬಗ್ಗೆ ಅಧ್ಯಯನ ಪ್ರಕಟಿಸ್ಯಾರ. ಹಂಗಾಗಿ ತಾಯಿಗೆ ಬೇಳೆ, ಹೆಸರುಕಾಳು, ಶೇಂಗಾ, ಜೋಳದ ರೊಟ್ಟಿ ಕೊಡೋದು ಕೂಸಿನ ಔಷಧ ಅಂತಲೇ ತಿಳ್ಕೋಬೇಕು. ನಮ್ಮ ಕಡೆ ಜೋಳ ಬೆಳೆಯೋ ಮನೆಯಾಗ ಬಾಣಂತಿಗೆ ಮಾತ್ರ ರೊಟ್ಟಿ ಬಂದ್ ಮಾಡ್ತಾರ, ಅದನ್ನ ನೋಡಿದ್ರ ಸಂಕಟ ಆಗ್ತದ.

ಬಂಟ್ವಾಳದ ಅಮ್ಮ:

ಎಲ್ಲರೂ ಶರೀರದ್ದೇ ಹೇಳಿದ್ರಿ, ಮನಸ್ಸಿನದ್ದೂ ಹೇಳ್ಬೇಕಲ್ವಾ. ಹೆರಿಗೆ ಆಗಿ ನಾಲ್ಕೈದು ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದುಂಟು, ಅದು ಹೆಚ್ಚಿನವರಿಗೆ ಎರಡು ವಾರದ ಒಳಗೆ ಹೋಗ್ತದೆ. ಹೋಗದಿದ್ರೆ, ಮಗು ಮಲಗಿದ್ರೂ ನಿದ್ರೆ ಬರದಿದ್ರೆ, ಮಗುವನ್ನು ಎತ್ತಿಕೊಳ್ಳುವುದೇ ಬೇಡ ಅನ್ನಿಸಿದ್ರೆ, ನಾನು ಇದ್ದೂ ಪ್ರಯೋಜನ ಇಲ್ಲ ಅಂತ ಮನಸ್ಸಿಗೆ ಬಂದ್ರೆ ಅದು ಖಿನ್ನತೆ. ನನಗೆ ಬಂದಿತ್ತು, ಎಲ್ಲರ ಹತ್ರ ಹೆಣ್ಣಾಗಿ ಇಷ್ಟೂ ಆಗುದಿಲ್ವಾ ಅಂತ ಮಾತು ಕೇಳಿಸಿಕೊಂಡದ್ದೂ ಆಯ್ತು. ಮದ್ದು ತಗೊಂಡು ಸರಿಯಾದೆ, ಹಾಲು ಕುಡಿಸುತ್ತಾ ತಗೊಳ್ಳುವ ಮಾತ್ರೆಗಳು ಉಂಟು, ಹೆದರಬೇಡಿ. ಹೆಣ್ಣು ಮಗು ಆಯ್ತು ಅಂತ ಮನೆಯಲ್ಲಿ ಯಾರಾದ್ರೂ ಮುಖ ಸಣ್ಣ ಮಾಡಿದ್ರೆ ಅದೂ ಒಳಗೆ ಕೊರೀತದೆ.

ಇನ್ನು ಬಾಣಂತಿ ಸನ್ನಿ ಅಂತ ಹಿಂದಿನವರು ಹೇಳುವುದು, ಇಲ್ಲದ್ದು ಕೇಳಿಸುವುದು, ಸಂಶಯ, ರಾತ್ರಿಯಿಡೀ ಮಾತು, ಮಗುವಿಗೆ ಏನೋ ಆಗಿದೆ ಅಂತ ಹಟ, ಅದು ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಬರುವುದು. ಅದಕ್ಕೆ ಮಂತ್ರ, ತಾಯತ ಅಂತ ದಿನ ಕಳೀಬಾರದು, ಅಂಥ ತಾಯಿಯನ್ನು ಮಗುವಿನ ಜೊತೆ ಒಬ್ಬಳೇ ಬಿಡಬಾರದು, ಅವತ್ತೇ ಆಸ್ಪತ್ರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡೇ ಉಂಟು, ಮಗುವನ್ನು ಬೇರೆ ಮಾಡುವುದಿಲ್ಲ. ಫೋನಲ್ಲಿ ಮಾತಾಡ್ಲಿಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡಿಲ್ಲ.

ವರದಾ ತೀರದಾಕಿ:

ಡಾಕ್ಟರ್ ಸಾಹೇಬ್ರ, ನೀವು ಬರದದ್ದನ್ನ ಆಯಿಗೆ ಜೋರಾಗಿ ಓದಿ ಹೇಳಿದೆ. ಹಿಂಡೂದು ಬಿಟ್ಟಾಳ. ರೊಟ್ಟಿಗೆ ಇನ್ನೂ ಒಪ್ಪಿಲ್ಲ, ಮೆತ್ತಗಿನ ಜೋಳದ ನುಚ್ಚು ಮಾಡಿ ಕೊಡತೀನಿ ಅಂದಾಳ. ಕಣ್ಣು ತೋರಿಸಾಕ ನಾಳೆ ಹೊಂಟೇವಿ.

ತುಮಕೂರು ಸ್ಟಾಫ್ ನರ್ಸ್:

ನುಚ್ಚು ಚೆನ್ನಾಗಿರುತ್ತೆ, ಅದಕ್ಕೇ ಬೇಳೆ ಕಟ್ಟು ಹಾಕ್ಕೊಂಡು ಉಣ್ಣು. ನಾಳೆ ಹೋಗುವಾಗ ಅವ್ವನ್ನೂ ಒಳಗೆ ಕರ್ಕೊಂಡು ಹೋಗು, ಡಾಕ್ಟರ್ ಬಾಯಿಂದ ಅವರೇ ಕೇಳಿಸ್ಕೊಂಡ್ರೆ ಮನೇಲಿ ನೀನು ವಾದ ಮಾಡೋದು ತಪ್ಪುತ್ತೆ. ಆಶಾ ಕಾರ್ಯಕರ್ತೆ ಬರ್ತಿದಾರಾ? ಆಸ್ಪತ್ರೇಲಿ ಹೆರಿಗೆ ಆದೋರ ಮನೆಗೆ 3, 7, 14, 21, 28, 42ನೇ ದಿನ ಬಂದು ಮಗು ತೂಕ, ಜ್ವರ, ನಿನ್ನ ಹೊಲಿಗೆ ಎಲ್ಲಾ ನೋಡಬೇಕು ಅವರು, ಬರದಿದ್ರೆ ಗಂಡನ ಊರಿನ ಲಿಸ್ಟಲ್ಲಿ ನಿನ್ನ ಹೆಸರು ಇರಬಹುದು, ತವರೂರಿನ ಉಪಕೇಂದ್ರದಲ್ಲಿ ಹೇಳಿ ಬರೆಸು. ಆರನೇ ವಾರಕ್ಕೆ ಮಗುವಿಗೆ ಪೆಂಟಾ, ಪೋಲಿಯೋ, ರೋಟಾ, ಪಿಸಿವಿ ಲಸಿಕೆ ಎಲ್ಲಾ ಒಂದೇ ದಿನ ಹಾಕ್ತಾರೆ, ಅವತ್ತು ತಾಯಿ ಕಾರ್ಡ್ ತಗೊಂಡು ಹೋಗು. ಮಗುವಿಗೆ ಮಾತ್ರ ಸೂಜಿ ಹಾಕಿಸ್ಕೊಂಡು ವಾಪಸ್ ಬರಬೇಡ, ನಿನ್ನ ಬಿಪಿ, ಹಿಮೋಗ್ಲೋಬಿನ್, ಹೊಲಿಗೆನೂ ನೋಡಿಸು, ಮುಂದಿನ ಮಗುವಿಗೆ ಅಂತರ ಇಡೋದಕ್ಕೆ ಏನು ಮಾಡಬೇಕು ಅಂತ್ಲೂ ಅವತ್ತೇ ಕೇಳು. ಮುಟ್ಟು ಶುರುವಾಗೋಕೆ ಮೊದಲೇ ಗರ್ಭ ನಿಲ್ಲಬಹುದು, ಸಿಸೇರಿಯನ್ ಆದೋರಿಗೆ ಅಷ್ಟು ಬೇಗ ಇನ್ನೊಂದು ಬಸುರು ಒಳ್ಳೇದಲ್ಲ.